ಚುನಾವಣೆ ನಡೆಸಲೆಂದೇ ಬರುವ ಹಂಗಾಮಿ ಪ್ರಧಾನಿಯಿಂದ ಮತದಾನ ನ್ಯಾಯಯುತವಾಗುತ್ತದೆಯೇ?

ಕೆಲವು ದೇಶಗಳಲ್ಲಿ ಚುನಾವಣೆಗೆ ಮೊದಲು ಅಧಿಕಾರದಲ್ಲಿರುವ ಪ್ರಧಾನಿ ಕೆಳಗಿಳಿದು, ಯಾವ ಪಕ್ಷಕ್ಕೂ ಸೇರದ ಒಬ್ಬರ ಕೈಗೆ ಸರ್ಕಾರವನ್ನು ಒಪ್ಪಿಸುವುದೇಕೆ, ಅದರಿಂದ ಚುನಾವಣೆ ನಿಜವಾಗಿಯೂ ನ್ಯಾಯಯುತವಾಗುತ್ತದೆಯೇ, ಅದಕ್ಕೆ ನಿವೃತ್ತ ನ್ಯಾಯಮೂರ್ತಿಯೇ ಸೂಕ್ತರೇ ಎಂದು ಕೇಳಿದ್ದೀರಿ. ಈ ವಿಷಯವನ್ನು ಬಹಳ ಕಾಲದಿಂದ ಆಸಕ್ತಿಯಿಂದ ಓದುತ್ತಾ ಬಂದಿರುವ ನನಗೆ ತೋರುವುದು ಇಷ್ಟು: ಆ ವ್ಯಕ್ತಿಯ ಪ್ರಾಮಾಣಿಕತೆಗಿಂತಲೂ ಅವರನ್ನು ಆರಿಸುವ ವಿಧಾನ ಮುಖ್ಯ. ಸೋಲಬಹುದಾದ ಪಕ್ಷಕ್ಕೂ ಆ ವಿಧಾನದಲ್ಲಿ ನಂಬಿಕೆ ಇರುವಷ್ಟು ಕಾಲ ಮಾತ್ರ ಈ ಏರ್ಪಾಡು ನಡೆಯುತ್ತದೆ.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭಾರತದಲ್ಲಿ 1979ರಲ್ಲಿ ಚರಣ್ ಸಿಂಗ್ ಮತ್ತು 1991ರಲ್ಲಿ ಚಂದ್ರಶೇಖರ್ ರಾಜೀನಾಮೆ ಕೊಟ್ಟ ಮೇಲೂ ಹೊಸ ಸರ್ಕಾರ ಬರುವವರೆಗೆ ಹಂಗಾಮಿಯಾಗಿ ಮುಂದುವರಿದರು; ಅವರು ಪಕ್ಷದವರೇ, ಚುನಾವಣೆಯ ಸ್ಪರ್ಧಿಗಳೇ. ಅಲ್ಲಿ ನಿಷ್ಪಕ್ಷಪಾತದ ಹೊಣೆ ಪ್ರಧಾನಿಯದಲ್ಲ, ಸಂವಿಧಾನದ 324ನೇ ವಿಧಿಯಡಿ ಚುನಾವಣಾ ಆಯೋಗದ್ದು. ನೀವು ಕೇಳಿರುವುದು ಇನ್ನೊಂದು ಬಗೆಯನ್ನು ಕುರಿತು. ಅದಕ್ಕೆ ಬಾಂಗ್ಲಾದೇಶಕ್ಕಿಂತ ದೊಡ್ಡ ಪಾಠ ಬೇರೆಲ್ಲೂ ಇಲ್ಲ.

1990ರ ಡಿಸೆಂಬರ್‌ನಲ್ಲಿ ಜನರ ಚಳವಳಿಗೆ ಮಣಿದು ಸೇನಾ ಆಡಳಿತಗಾರ ಜನರಲ್ ಎರ್ಷಾದ್ ಅಧಿಕಾರ ಬಿಟ್ಟಾಗ, ಪರಸ್ಪರ ಮುಖ ನೋಡದ ಪಕ್ಷಗಳೆಲ್ಲವೂ ಮುಖ್ಯ ನ್ಯಾಯಮೂರ್ತಿ ಶಹಾಬುದ್ದೀನ್ ಅಹ್ಮದ್ ಅವರನ್ನು ಹಂಗಾಮಿ ರಾಷ್ಟ್ರಪತಿಯಾಗಿ ಒಪ್ಪಿಕೊಂಡವು. ಚುನಾವಣೆ ಮುಗಿದ ಮೇಲೆ ನ್ಯಾಯಾಲಯಕ್ಕೆ ಮರಳುವ ಅವಕಾಶ ತಮಗಿರಬೇಕೆಂದು ಅವರು ಷರತ್ತು ಹಾಕಿದರು, ಅದಕ್ಕಾಗಿ ಮುಂದೆ ಸಂವಿಧಾನವನ್ನೇ ತಿದ್ದಲಾಯಿತು. ಅಧಿಕಾರಕ್ಕೆ ಅಂಟಿಕೊಳ್ಳುವ ಇಚ್ಛೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 1991ರ ಫೆಬ್ರವರಿ 27ರ ಚುನಾವಣೆ ವ್ಯಾಪಕ ಮೆಚ್ಚುಗೆ ಪಡೆಯಿತು.

ವಿರೋಧ ಪಕ್ಷಗಳು ಬಹಿಷ್ಕರಿಸಿದ 1996ರ ಫೆಬ್ರವರಿಯ ಚುನಾವಣೆಯ ನಂತರ, ಅದೇ ಏರ್ಪಾಡನ್ನು ಸಂವಿಧಾನದ 13ನೇ ತಿದ್ದುಪಡಿಯ ಮೂಲಕ ಶಾಶ್ವತಗೊಳಿಸಲಾಯಿತು. ಅದರ ಪ್ರಕಾರ ತೀರ ಇತ್ತೀಚೆಗೆ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿಯೇ ‘ಮುಖ್ಯ ಸಲಹೆಗಾರ’ರು, ಅಂದರೆ ಹಂಗಾಮಿ ಸರ್ಕಾರದ ಮುಖ್ಯಸ್ಥರಾಗಬೇಕು, ಜೊತೆಗೆ ಹತ್ತು ಮಂದಿ ಮೀರದಂತೆ ಸಲಹೆಗಾರರಿರಬೇಕು, 90 ದಿನಗಳೊಳಗೆ ಚುನಾವಣೆ ನಡೆಯಬೇಕು. 1996ರ ಜೂನ್ ಮತ್ತು 2001ರ ಅಕ್ಟೋಬರ್‌ನಲ್ಲಿ ಹೀಗೆ ನಡೆದ ಎರಡು ಚುನಾವಣೆಗಳಲ್ಲೂ ಅದುವರೆಗೆ ಆಳಿದ ಪಕ್ಷ ಸೋತಿತು. ಹಾಗೆಂದು ದೂರುಗಳಿರಲಿಲ್ಲವೆಂದಲ್ಲ. 2001ರಲ್ಲಿ ಲತೀಫುರ್ ರಹಮಾನ್ ಮುಖ್ಯ ಸಲಹೆಗಾರರಾಗಿ ಅಧಿಕಾರ ವಹಿಸಿಕೊಂಡ ಕೂಡಲೇ ಸರ್ಕಾರದ ಹಲವು ಕಾರ್ಯದರ್ಶಿಗಳನ್ನು ವರ್ಗಾಯಿಸಿದ್ದು, ಆಗಷ್ಟೇ ಅಧಿಕಾರ ಬಿಟ್ಟಿದ್ದ ಅವಾಮಿ ಲೀಗ್ ಪಕ್ಷದ ಕೋಪಕ್ಕೆ ಕಾರಣವಾಯಿತು. ಆದರೆ ಹಂಗಾಮಿ ಮುಖ್ಯಸ್ಥನ ನಿಜವಾದ ಕೆಲಸವೇ ಅದು: ಮತಗಟ್ಟೆಯ ಸುತ್ತಲಿನ ಅಧಿಕಾರಿ ಮತ್ತು ಪೊಲೀಸರು ಹಿಂದಿನ ಮಂತ್ರಿಯ ಮಾತು ಕೇಳದಂತೆ ನೋಡಿಕೊಳ್ಳುವುದು.

ಕೆಡುಕು ಶುರುವಾದದ್ದು ಬೇರೆ ಕಡೆಯಿಂದ. ಮುಖ್ಯ ಸಲಹೆಗಾರರ ಹುದ್ದೆಗೆ ಯಾರು ಬರುತ್ತಾರೆಂಬುದು ನಿವೃತ್ತಿಯ ದಿನಾಂಕದಿಂದ ಮೊದಲೇ ತಿಳಿಯುವಂತಿದ್ದರೆ, ಆ ದಿನಾಂಕದ ಮೇಲೆಯೇ ಕಣ್ಣು ಬೀಳುತ್ತದೆ. 2004ರಲ್ಲಿ ಬಾಂಗ್ಲಾದೇಶ ನ್ಯಾಷನಲಿಸ್ಟ್ ಪಾರ್ಟಿಯ (ಬಿಎನ್‌ಪಿ) ಸರ್ಕಾರ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸನ್ನು 65ರಿಂದ 67ಕ್ಕೆ ಏರಿಸಿತು. ಅದರ ಫಲವಾಗಿ ಮುಂದಿನ ಚುನಾವಣೆಯ ಹೊತ್ತಿಗೂ ತೀರ ಇತ್ತೀಚೆಗೆ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿ ಎಂದರೆ ಕೆ.ಎಂ. ಹಸನ್ ಅವರೇ ಆಗಿ ಉಳಿದರು. ಅವರಿಗೆ ಹಿಂದೊಮ್ಮೆ ಆ ಪಕ್ಷದ ನಂಟಿತ್ತೆಂದು ವಿರೋಧ ಪಕ್ಷಗಳು ಬೀದಿಗಿಳಿದವು. ಹಸನ್ ಹಿಂದೆ ಸರಿದರು, ರಾಷ್ಟ್ರಪತಿ ಇಯಾಜುದ್ದೀನ್ ಅಹ್ಮದ್ ಸಂವಿಧಾನದಲ್ಲಿದ್ದ ನಡುವಿನ ಆಯ್ಕೆಗಳನ್ನೆಲ್ಲ ಬದಿಗಿಟ್ಟು ತಾವೇ ಮುಖ್ಯ ಸಲಹೆಗಾರರೂ ಆದರು, ಕೊನೆಗೆ 2007ರ ಜನವರಿ 11ರಂದು ತುರ್ತು ಪರಿಸ್ಥಿತಿ ಘೋಷಣೆಯಾಗಿ ಸೈನ್ಯದ ಬೆಂಬಲದೊಂದಿಗೆ ಫಕ್ರುದ್ದೀನ್ ಅಹ್ಮದ್ ಮುಖ್ಯ ಸಲಹೆಗಾರರಾಗಿ ಬಂದರು. 90 ದಿನಗಳ ಸರ್ಕಾರ ಎರಡು ವರ್ಷದ ಹತ್ತಿರ ನಡೆಯಿತು, ಇಬ್ಬರು ಪ್ರಮುಖ ನಾಯಕಿಯರಾದ ಅವಾಮಿ ಲೀಗಿನ ಶೇಖ್ ಹಸೀನಾ ಮತ್ತು ಬಿಎನ್‌ಪಿಯ ಖಾಲಿದಾ ಜಿಯಾ ಇಬ್ಬರೂ ಜೈಲು ಕಂಡರು. ಅದೇ ಸರ್ಕಾರದ ಕಾಲದಲ್ಲಿ ಭಾವಚಿತ್ರಸಹಿತ ಹೊಸ ಮತದಾರರ ಪಟ್ಟಿ ಸಿದ್ಧವಾದದ್ದನ್ನೂ ಹೇಳದಿದ್ದರೆ ಅನ್ಯಾಯವಾದೀತು. 2008ರ ಡಿಸೆಂಬರ್ 29ರ ಮತದಾನ ಆ ಪಟ್ಟಿಯ ಮೇಲೆಯೇ ನಡೆಯಿತು.

2011ರಲ್ಲಿ ಸುಪ್ರೀಂ ಕೋರ್ಟ್ 13ನೇ ತಿದ್ದುಪಡಿಯನ್ನು ಅಸಿಂಧುವೆಂದಿತು, ಸಂಸತ್ತು ಆ ವ್ಯವಸ್ಥೆಯನ್ನು ತೆಗೆದುಹಾಕಿತು. ಅದಿಲ್ಲದೆ ನಡೆದ 2014ರ ಚುನಾವಣೆಯಲ್ಲಿ 300 ಕ್ಷೇತ್ರಗಳ ಪೈಕಿ 153ರಲ್ಲಿ ಸ್ಪರ್ಧೆಯೇ ಇರಲಿಲ್ಲ. ದೋಷವಿದ್ದ ಏರ್ಪಾಡನ್ನು ತಿದ್ದುವ ಬದಲು ಕಿತ್ತೆಸೆದದ್ದು ದೊಡ್ಡ ತಪ್ಪೆಂದು ನಾನು ನಂಬಿದ್ದೇನೆ.

ಪಾಕಿಸ್ತಾನ ಬೇರೆ ದಾರಿ ಹಿಡಿಯಿತು. ಅಲ್ಲಿ ಪ್ರಧಾನಿ ಮತ್ತು ವಿರೋಧ ಪಕ್ಷದ ನಾಯಕ ಸೇರಿ ಹಂಗಾಮಿ ಪ್ರಧಾನಿಯ ಹೆಸರನ್ನು ಒಪ್ಪಬೇಕು. ಒಪ್ಪದಿದ್ದರೆ ಸಂಸದೀಯ ಸಮಿತಿ, ಅದಕ್ಕೂ ಆಗದಿದ್ದರೆ ಚುನಾವಣಾ ಆಯೋಗ. 2013ರಲ್ಲಿ ಮೀರ್ ಹಜಾರ್ ಖಾನ್ ಖೋಸೊ ಅವರನ್ನು ಆಯೋಗವೇ ಆರಿಸಬೇಕಾಯಿತು. ವಿಧಾನ ಒಳ್ಳೆಯದೇ, ಆದರೆ ಅವಧಿಯ ಮೇಲೆ ಹಿಡಿತವಿಲ್ಲ: 2023ರ ಆಗಸ್ಟ್‌ನಲ್ಲಿ ಅನ್ವರುಲ್ ಹಕ್ ಕಾಕರ್ ಹಂಗಾಮಿ ಪ್ರಧಾನಿಯಾಗಿ ಬಂದ ಮೇಲೆ, ಹೊಸ ಜನಗಣತಿಯ ಪ್ರಕಾರ ಕ್ಷೇತ್ರ ವಿಂಗಡಣೆಯಾಗಬೇಕೆಂಬ ಕಾರಣಕ್ಕೆ ಚುನಾವಣೆ 2024ರ ಫೆಬ್ರವರಿ 8ಕ್ಕೆ ಹೋಯಿತು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನ್ಯಾಯಮೂರ್ತಿ ಬರುವುದಾದರೆ ನಿವೃತ್ತರೇ ಬರಲಿ. ನೇಪಾಳದಲ್ಲಿ 2013ರಲ್ಲಿ ಹುದ್ದೆಯಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಖಿಲ್‌ರಾಜ್ ರೆಗ್ಮಿ ಸರ್ಕಾರದ ಮುಖ್ಯಸ್ಥರಾದಾಗ, ಸರ್ಕಾರದ ವಿರುದ್ಧದ ಮೊಕದ್ದಮೆಯನ್ನು ಕೇಳುವ ನ್ಯಾಯಾಲಯದ ಘನತೆಯ ಬಗ್ಗೆ ವಕೀಲರು ಎತ್ತಿದ ಆಕ್ಷೇಪ ಸರಿಯಾಗಿಯೇ ಇತ್ತು. ಅಲ್ಲೇ 2025ರಲ್ಲಿ ಹಂಗಾಮಿ ಪ್ರಧಾನಿಯಾಗಿ ಬಂದ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ನಿವೃತ್ತರು. ಇದರ ಜೊತೆಗೆ ಅಧಿಕಾರ ಬಿಟ್ಟ ಮೇಲಿನ ನಿರ್ಬಂಧವೂ ಬೇಕು. ಪಾಕಿಸ್ತಾನದ ಸಂವಿಧಾನ ಹಂಗಾಮಿ ಮಂತ್ರಿಗಳನ್ನೂ ಅವರ ಹತ್ತಿರದ ಕುಟುಂಬದವರನ್ನೂ ಆ ಚುನಾವಣೆಯಿಂದ ದೂರವಿಡುತ್ತದೆ, ಆದರೆ ಮುಂದೆ ಬೇರೆ ಹುದ್ದೆ ಪಡೆಯುವುದನ್ನು ಅದು ತಡೆಯುವುದಿಲ್ಲ. ಗ್ರೀಸಿನಲ್ಲಿ 2012ರ ಚುನಾವಣೆಯನ್ನು ಹಂಗಾಮಿ ಪ್ರಧಾನಿಯಾಗಿ ನಡೆಸಿಕೊಟ್ಟ ನ್ಯಾಯಾಧೀಶ ಪನಗಿಯೋಟಿಸ್ ಪಿಕ್ರಮೆನೋಸ್, 2019ರಲ್ಲಿ ಅಂದು ಗೆದ್ದಿದ್ದ ಪಕ್ಷದ ಸರ್ಕಾರದಲ್ಲೇ ಉಪಪ್ರಧಾನಿಯಾದರು. ಅವರು ಅಂದು ಪಕ್ಷಪಾತ ಮಾಡಿದರೆಂದು ನಾನು ಹೇಳುತ್ತಿಲ್ಲ, ಆದರೆ ಮುಂದೆ ಇಂಥದೊಂದು ಹುದ್ದೆ ಸಿಗಬಹುದೆಂಬ ಸಾಧ್ಯತೆಯೇ ಸೋತವರ ಮನಸ್ಸಿನಲ್ಲಿ ಅನುಮಾನ ಹುಟ್ಟಿಸಲು ಸಾಕು.