ತುಳಸಿ ಕುಟುಂಬದ ಗಿಡಗಳನ್ನು ಬೀಜ ನೋಡಿ ಗುರುತಿಸಬಹುದೇ?

ಒಂದು ಮಟ್ಟಿಗೆ ಹೌದು. ಆದರೆ ನಾವು 'ಬೀಜ' ಎನ್ನುವುದು ಇಲ್ಲಿ ನಿಜಕ್ಕೂ ಹಣ್ಣಿನ ತುಂಡು. ಒಣಗಿದ ತುಳಸಿ ಕದಿರನ್ನು ಉಜ್ಜಿ ನೋಡಿ: ಪ್ರತಿ ಪುಷ್ಪಪಾತ್ರೆಯ (ಹೂವಿನ ಬುಡದ ಬಟ್ಟಲಿನ) ತಳದಲ್ಲಿ ಸಾಮಾನ್ಯವಾಗಿ ನಾಲ್ಕು ಪುಟ್ಟ ಕಾಯಿಗಳಿರುತ್ತವೆ. ಅಂಡಾಶಯವೇ ನಾಲ್ಕು ಹೋಳಾಗಿ ಬಲಿತದ್ದು ಅದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ನೀರಿನದು. ಕಾಮಕಸ್ತೂರಿ ಬೀಜವನ್ನು ನೆನೆಸಿದರೆ ಕೆಲವೇ ನಿಮಿಷದಲ್ಲಿ ಕಪ್ಪು ಚುಕ್ಕಿಯ ಸುತ್ತ ಲೋಳೆ ಉಬ್ಬುತ್ತದೆ (ಫಾಲೂದಾ ತಿಂದವರಿಗೆ ಗೊತ್ತು). ಚಿಯಾ ಕೂಡ ಹಾಗೆಯೇ. ಒಣಗಿದ್ದಾಗ ಅದರ ಮೈಮೇಲೆ ಬೂದು-ಕಂದು ಚಿತ್ತಾರ. ತುಂಬೆ ಬೀಜ ಮೂರು ಅಂಚಿನದು, ಹೀಗೆ ಲೋಳೆ ಕಟ್ಟುವುದಿಲ್ಲ. ಲೋಳೆ ಹೆಚ್ಚಾಗಿ ಕಾಣುವುದು ತುಳಸಿ, ಚಿಯಾ ಸೇರಿರುವ ಉಪಕುಟುಂಬದಲ್ಲಿ.

ಸಸ್ಯವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೇಲ್ಮೈಯ ಬಲೆ, ಗುಳಿ, ಗಂಟು, ರೋಮ ಮತ್ತು ಕಾಯಿ ಅಂಟಿಕೊಂಡಿದ್ದ ಕಲೆಯ ಆಕಾರ ನೋಡುತ್ತಾರೆ. ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಇದು ಬಹಳ ಉಪಯುಕ್ತ. ದೊಡ್ಡ ಗುಂಪುಗಳ ವಿಚಾರದಲ್ಲಿ ನಾನು ಇದೊಂದನ್ನೇ ನಂಬುವುದಿಲ್ಲ, ಸಂಬಂಧವಿಲ್ಲದ ಗಿಡಗಳಲ್ಲೂ ಒಂದೇ ಬಗೆಯ ಮೇಲ್ಮೈ ಬರಬಹುದು. ಎಳೆಯ ಕಾಯಿಯಂತೂ ದಾರಿ ತಪ್ಪಿಸುತ್ತದೆ. ಪರಾಗ, ಡಿಎನ್‌ಎ ಜೊತೆಗಿರಬೇಕು. ಗಟ್ಟಿ ಓಟೆಯ ಕಾಯಿ ಬಿಡುವ ತೇಗದ ಮರವೂ ಈಗ ಇದೇ ಕುಟುಂಬದಲ್ಲಿದೆ!