ಪರದೆ ಹಸಿರಾಗಿದೆ, ಅಂಚು ಯಾಕೆ ಕೆಟ್ಟಿದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಿರುಚಿತ್ರ ಮಾಡುವ ವಿದ್ಯಾರ್ಥಿಗಳದ್ದು, ಅದರಲ್ಲೂ ಹಸಿರು ಪರದೆಯ ಬಗ್ಗೆ. ಒಂದೇ ತರದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ನಟರನ್ನು ಹಸಿರು ಬಟ್ಟೆಯ ಮುಂದೆ ಚಿತ್ರೀಕರಿಸಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಹಸಿರನ್ನು ತೆಗೆದು ಬೇರೆ ದೃಶ್ಯ ಕೂರಿಸುತ್ತಾರೆ. ಹಾಗೆ ಹಸಿರು ತೆಗೆಯುವುದೇ ಕೀ, ತೆಗೆಯುವ ಸಾಧನ ಕೀಯರ್.

ಪ್ರಶ್ನೆ: ನಮ್ಮ ವಿಭಾಗದಲ್ಲಿ 10 ಅಡಿ ಅಗಲದ ಹಸಿರು ಬಟ್ಟೆ ಇದೆ. ಎಡಗಡೆಯಿಂದ 100 ವ್ಯಾಟಿನ ಒಂದು ಎಲ್‌ಇಡಿ ಫ್ಲಡ್‌ಲೈಟ್ ಹಾಕುತ್ತೇವೆ. ಎಡಭಾಗ ಸಲೀಸಾಗಿ ಕೀ ಆಗುತ್ತದೆ, ಬಲಮೂಲೆ ಉಳಿದುಬಿಡುತ್ತದೆ. ಅದನ್ನು ತೆಗೆಯಲು ಹೋದರೆ ನಟಿಯ ಕೂದಲೂ ಹೋಗುತ್ತದೆ. 200 ವ್ಯಾಟಿನ ದೀಪ ಕೊಳ್ಳಬೇಕೆ? (ವಿದ್ಯಾರ್ಥಿ, ಹಾಸನ)

ಉತ್ತರ: ಬೇಡ. 200 ವ್ಯಾಟ್ ಹಾಕಿದರೆ ಎರಡು ಮೂಲೆಗಳ ಅಂತರ ಹಾಗೇ ಉಳಿಯುತ್ತದೆ, ಎಡಭಾಗ ಮಾತ್ರ ಬಿಳಿಚಿಕೊಳ್ಳುತ್ತದೆ. ದೀಪದಿಂದ ಪರದೆಯ ಎಡ ಅಂಚು 4 ಅಡಿ, ಬಲ ಅಂಚು 12 ಅಡಿ ದೂರವಿದೆ ಅನ್ನಿ. ದೂರ ಮೂರು ಪಟ್ಟಾದರೆ ಬೆಳಕು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಮೂರು ಸ್ಟಾಪ್‌ಗೂ ಮಿಕ್ಕ ವ್ಯತ್ಯಾಸ (ಬೆಳಕು ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್). ಪರದೆಯಲ್ಲಿ ಅರ್ಧ ಸ್ಟಾಪ್‌ಗಿಂತ ಹೆಚ್ಚು ಏರುಪೇರು ಇರಬಾರದು. ನಿಮ್ಮ ಕೀಯರ್ ಈಗ ಒಂದು ಹಸಿರನ್ನಲ್ಲ, ನಾಲ್ಕೈದು ಹಸಿರುಗಳನ್ನು ತೆಗೆಯಲು ಹೆಣಗುತ್ತಿದೆ. ಕೂದಲು ಹೋಗುವುದು ಅದಕ್ಕೇ.

ಮೊದಲು ಖರ್ಚಿಲ್ಲದ ಕೆಲಸ. ಆ ಬಲಮೂಲೆಯ ಮುಂದೆ ನಟಿಯ ಕೈಯಾಗಲಿ ಸೆರಗಾಗಲಿ ಬರುವುದೇ ಇಲ್ಲವಾದರೆ, ಸಾಫ್ಟ್‌ವೇರ್‌ನಲ್ಲಿ ನಟಿಯ ಸುತ್ತ ಸಡಿಲವಾಗಿ ಒಂದು ಮಾಸ್ಕ್ (ಚಿತ್ರದ ಒಂದು ಭಾಗವನ್ನು ಬೇರ್ಪಡಿಸುವ ಗೆರೆ) ಎಳೆದು ಮೂಲೆಯನ್ನು ಕತ್ತರಿಸಿ ಎಸೆಯಿರಿ. ಕೀ ಆಗಬೇಕಾದದ್ದು ದೇಹದ ಹಿಂದಿನ ಹಸಿರು ಮಾತ್ರ. ಇಡೀ ಬಟ್ಟೆಯನ್ನು ಒಂದೇ ಕೀಯಲ್ಲಿ ತೆಗೆಯುವ ಹಟದಿಂದ ಹಾಳಾದ ಶಾಟ್‌ಗಳಿಗೆ ಲೆಕ್ಕವಿಲ್ಲ.

ಆಮೇಲೆ ಬೆಳಕು. ಫ್ಲಡ್‌ಲೈಟ್ ಬದಿಗಿಟ್ಟು, ಮನೆಗೆ ಹಾಕುವ 4 ಅಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್ ನಾಲ್ಕು ತನ್ನಿ. ಒಂದೇ ಕಂಪನಿಯದು, ಎಲ್ಲವೂ 6500 ಕೆಲ್ವಿನ್ ಇರಲಿ. ಎರಡೆರಡನ್ನು ಒಂದರ ಮೇಲೊಂದು ನಿಲ್ಲಿಸಿ ಉದ್ದನೆಯ ಪಟ್ಟಿಗೆ ಕಟ್ಟಿದರೆ 8 ಅಡಿ ಎತ್ತರದ ಎರಡು ದೀಪಕಂಬಗಳಾಗುತ್ತವೆ. ಪರದೆಯ ಎರಡೂ ಪಕ್ಕ, ಅಂಚಿನಿಂದ ಸ್ವಲ್ಪ ಹೊರಗೆ, ಪರದೆಗಿಂತ 4–5 ಅಡಿ ಮುಂದೆ ನಿಲ್ಲಿಸಿ. ಎಡಗಡೆಯ ದೀಪದ ಮುಖ ಪರದೆಯ ಬಲಭಾಗಕ್ಕೆ, ಬಲಗಡೆಯದು ಎಡಭಾಗಕ್ಕೆ. ಒಂದು ದುರ್ಬಲವಾಗುವ ಕಡೆ ಇನ್ನೊಂದು ತುಂಬಿಕೊಡುತ್ತದೆ. ದೀಪದ ಬೆಳಕು ನಟಿಯ ಮೇಲೆ ಬೀಳದಂತೆ ನಡುವೆ ಕಪ್ಪು ರಟ್ಟು ನಿಲ್ಲಿಸಿ.

ನಟಿ ಪರದೆಯಿಂದ 8 ಅಡಿಯಾದರೂ ಮುಂದಿರಲಿ. ಹತ್ತಿರ ನಿಂತಷ್ಟೂ ಬಟ್ಟೆಯಿಂದ ಚಿಮ್ಮಿದ ಹಸಿರು ಭುಜ, ದವಡೆ, ಕೂದಲಿಗೆ ಅಂಟುತ್ತದೆ. ಸ್ಪಿಲ್ ಅನ್ನುವುದು ಇದನ್ನೇ. ಕೋಣೆ ಚಿಕ್ಕದಾದರೆ ಶಾಟನ್ನು ಸೊಂಟದಿಂದ ಮೇಲಕ್ಕೆ ಬಿಗಿ ಮಾಡಿ, ನಟಿಯನ್ನು ಪರದೆಗೆ ಒತ್ತಬೇಡಿ. ಅವರ ಮುಖದ ಬೆಳಕು ಪೂರ್ತಿ ಬೇರೆ ಲೆಕ್ಕ. ಅದು ಹಿಂದೆ ಕೂರಿಸುವ ದೃಶ್ಯವನ್ನು ಕೇಳಿ ನಿರ್ಧಾರವಾಗಬೇಕು.

ಅಳೆಯಲು ಮೀಟರ್ ಬೇಕಿಲ್ಲ. ಡಿಎಸ್‌ಎಲ್‌ಆರ್ ಅನ್ನು ಅಪರ್ಚರ್ ಪ್ರಯಾರಿಟಿಗೆ (ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುವ ವಿಧಾನ) ಹಾಕಿ, ಐಎಸ್‌ಒ ಒಂದೇ ಕಡೆ ನಿಲ್ಲಿಸಿ, ಪರದೆಯ ಒಂಬತ್ತು ಜಾಗಗಳನ್ನು ಒಂದೊಂದಾಗಿ ಫ್ರೇಮ್ ತುಂಬ ತೋರಿಸಿ. ಒಂದು ಕಡೆ 1/50, ಇನ್ನೊಂದು ಕಡೆ 1/60 ಬಂದರೆ ಚಿಂತೆಯಿಲ್ಲ. 1/100 ಬಂದರೆ ಅಲ್ಲಿ ಬೆಳಕು ಹೆಚ್ಚಾಗಿದೆ, ದೀಪವನ್ನು ಅಲ್ಲಿಂದ ಆಚೆಗೆ ತಿರುಗಿಸಿ. ವೇವ್‌ಫಾರ್ಮ್ (ಚಿತ್ರದ ಬೆಳಕನ್ನು 0ಯಿಂದ 100ರ ಅಳತೆಯಲ್ಲಿ ತೋರಿಸುವ ನಕ್ಷೆ) ಇದ್ದರೆ ಹಸಿರು 40ರಿಂದ 50ರ ನಡುವೆ ತೆಳ್ಳನೆಯ ಪಟ್ಟಿಯಾಗಿ ಕೂರಬೇಕು. ಬಟ್ಟೆಗೆ ಇಸ್ತ್ರಿ ಹಾಕಿ ಕ್ಲಿಪ್ಪಿನಿಂದ ಬಿಗಿಯಾಗಿ ಎಳೆದು ಕಟ್ಟುವುದನ್ನು ಮರೆಯಬೇಡಿ. ಪ್ರತಿ ಸುಕ್ಕೂ ಇನ್ನೊಂದು ಹಸಿರು.

ಪ್ರಶ್ನೆ: ಯಕ್ಷಗಾನದ ವೇಷಧಾರಿಯನ್ನು ಹಸಿರು ಪರದೆಯ ಮುಂದೆ ಚಿತ್ರೀಕರಿಸಿದೆವು. ಕೀ ಆದಮೇಲೆ ಹಳದಿ ಬಣ್ಣಗಳೆಲ್ಲ ಕೇಸರಿಯಾಗಿವೆ, ಕಿರೀಟ ಮತ್ತು ಭುಜಕೀರ್ತಿಯಲ್ಲಿ ತೂತುಗಳು ಬಿದ್ದಿವೆ. (ಓದುಗರು, ಕುಂದಾಪುರ)

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು.

ಹಳದಿ ಕೇಸರಿಯಾದದ್ದು ಕೀಯಿಂದಲ್ಲ, ಸ್ಪಿಲ್ ತೆಗೆಯುವ ಲೆಕ್ಕದಿಂದ. ಅನೇಕ ಸಾಫ್ಟ್‌ವೇರ್‌ಗಳಲ್ಲಿ ಇರುವ ಒಂದು ಸಾಮಾನ್ಯ ಸೂತ್ರ ಹೀಗೆ: ಹಸಿರಿನ ಪ್ರಮಾಣ ಕೆಂಪು ಮತ್ತು ನೀಲಿಯ ಸರಾಸರಿಯನ್ನು ಮೀರಬಾರದು. ಹಳದಿಯಲ್ಲಿ ಕೆಂಪು 90, ಹಸಿರು 80, ನೀಲಿ 10 ಇದೆ ಎಂದುಕೊಳ್ಳಿ. ಸರಾಸರಿ 50. ಹಸಿರು 80ರಿಂದ 50ಕ್ಕೆ ಇಳಿಯಿತು, ಹಳದಿ ಹೋಗಿ ಕೇಸರಿ ಬಂತು. ಹಸಿರು ಕೆಂಪನ್ನು ಮೀರಬಾರದು ಎಂಬ ಇನ್ನೊಂದು ಸೂತ್ರವನ್ನು ಆರಿಸಿಕೊಂಡರೆ ಹಳದಿ ಹಾಗೇ ಉಳಿಯುತ್ತದೆ. ಆ ಆಯ್ಕೆ ಸಿಗದಿದ್ದರೆ ಸ್ಪಿಲ್ ತೆಗೆದ ಪ್ರತಿಯನ್ನು ವೇಷದ ಅಂಚಿಗಷ್ಟೇ ಬಳಸಿ, ಒಳಗೆಲ್ಲ ಮೂಲ ಚಿತ್ರವನ್ನೇ ಇಡಿ. ಅರಿಸಿನ ಬಣ್ಣದ ಸೀರೆಗೂ ಇದೇ ಮದ್ದು.

ತೂತಿಗೆ ಕಾರಣ ಬೇಗಡೆ. ಹೊಳೆಯುವ ಹಾಳೆ ತನ್ನ ಬಣ್ಣಕ್ಕಿಂತ ಹೆಚ್ಚಾಗಿ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ವೇಷಧಾರಿಯ ಅಕ್ಕಪಕ್ಕ, ಕಾಲಡಿಯಲ್ಲಿ ಹಸಿರು ಬಟ್ಟೆ ಹರಡಿದ್ದರೆ ಎಲ್ಲವೂ ಬೇಗಡೆಯಲ್ಲಿ ಕಾಣುತ್ತದೆ. ಫ್ರೇಮಿಗೆ ಬೇಡದ ಹಸಿರನ್ನೆಲ್ಲ ಮಡಚಿ, ಎರಡೂ ಬದಿಗೆ ಕಪ್ಪು ಬಟ್ಟೆ ಇಳಿಬಿಡಿ. ಈಗಾಗಲೇ ತೆಗೆದ ದೃಶ್ಯವನ್ನು ಉಳಿಸಲು ಎರಡು ಕೀ ಮಾಡಿ: ಒಂದು ಮೆತ್ತನೆಯದು, ಕೂದಲು ಮತ್ತು ಅಂಚಿಗೆ, ಇನ್ನೊಂದು ಗಡುಸಾದದ್ದು, ತೂತುಗಳನ್ನು ಕೈಯಾರೆ ಮಾಸ್ಕ್‌ನಿಂದ ತುಂಬಿ, ಅಂಚಿನಿಂದ ಕೆಲವು ಪಿಕ್ಸೆಲ್ ಒಳಕ್ಕೆ ಸರಿಸಿದ್ದು. ಎರಡನ್ನೂ ಕೂಡಿಸಿದರೆ ಅಂಚು ಮೆತ್ತಗೇ ಇರುತ್ತದೆ, ಒಳಗೆ ತೂತು ಇರುವುದಿಲ್ಲ.

ಮುಂದಿನ ಸಲ ನೀಲಿ ಪರದೆ ಬಳಸಿ. ಹಳದಿಯಲ್ಲಿ ನೀಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಈ ವೇಷಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ವೇಷದಲ್ಲಿ ನೀಲಿ ಪಟ್ಟಿ, ನೀಲಿ ಮಣಿ ಇದೆಯೇ ಎಂದು ಮೊದಲೇ ನೋಡಿ. ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ, ಕಾಲುಭಾಗ ಮಾತ್ರ ನೀಲಿಗೆ. ಆದ್ದರಿಂದ ನೀಲಿ ಪರದೆಗೆ ಬೆಳಕು ಹೆಚ್ಚು ಬೇಕು, ಕಡಿಮೆಯಾದರೆ ಅಂಚಿನಲ್ಲಿ ಚುಕ್ಕಿಗಳು ಕುಣಿಯುತ್ತವೆ. ಧಿಗಿಣದ (ಗಿರಗಿರನೆ ಸುತ್ತುವ ಕುಣಿತ) ಶಾಟ್ ಇದ್ದರೆ ಶಟರ್ 1/100ಕ್ಕೆ ಏರಿಸಿ. ತಿರುಗುವ ಬಟ್ಟೆಯ ಮಸುಕು ಕಡಿಮೆಯಾಗಿ ಕೀ ಸುಲಭವಾಗುತ್ತದೆ, ಬೇಕಾದ ಮಸುಕನ್ನು ಕೊನೆಗೆ ಸೇರಿಸಬಹುದು.

ಪ್ರಶ್ನೆ: ನಮ್ಮಲ್ಲಿರುವುದು ಮೊಬೈಲ್ ಮಾತ್ರ. ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ, ವಿಡಿಯೊದಲ್ಲಿ ಅಡ್ಡಪಟ್ಟಿಗಳು ಓಡುತ್ತವೆ. (ಪಿಯುಸಿ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಮೆಟ್ಟಿಲಿಗೆ ಕಾರಣ ಫೋನು ಬಣ್ಣವನ್ನು ಉಳಿಸಿಡುವ ರೀತಿ. ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ. ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. 4:2:0 ಎಂದರೆ ಅದೇ. ಕೀ ನಡೆಯುವುದು ಬಣ್ಣದ ಮೇಲೆ, ಹಾಗಾಗಿ ಅಂಚು ಒರಟಾಗುತ್ತದೆ. ದಾರಿ ಇದೆ: 3840×2160ರಲ್ಲಿ ಚಿತ್ರೀಕರಿಸಿ, ಸಿನಿಮಾವನ್ನು 1920×1080ರಲ್ಲಿ ಮುಗಿಸಿ. ದೊಡ್ಡ ಚಿತ್ರದ ಬಣ್ಣದ ಮಾಹಿತಿ ಸರಿಯಾಗಿ 1920×1080 ಇರುವುದರಿಂದ ಕೊನೆಯ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಒಂದು ಬಣ್ಣ ಸಿಗುತ್ತದೆ. ಕೀ ಮಾಡುವುದು ದೊಡ್ಡ ಚಿತ್ರದಲ್ಲೇ ಆಗಲಿ, ಕುಗ್ಗಿಸುವುದು ಆಮೇಲೆ.

ಅಡ್ಡಪಟ್ಟಿ ಕರೆಂಟಿನದು. ನಮ್ಮಲ್ಲಿ ಪೂರೈಕೆ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಪ್ರತಿ ಫ್ರೇಮಿಗೂ ಎರಡು ಪೂರ್ತಿ ಮಿನುಗು ಸಿಕ್ಕಿ ಪಟ್ಟಿ ಮಾಯವಾಗುತ್ತದೆ. 30 ಫ್ರೇಮ್, 1/60 ಎಂದು ಇಟ್ಟುಕೊಂಡರೆ ಪಟ್ಟಿ ಓಡುತ್ತಲೇ ಇರುತ್ತದೆ. ಡಿಮ್ಮರ್ ಹಾಕಿ ಮಂಕು ಮಾಡಿದ ಅಗ್ಗದ ಎಲ್‌ಇಡಿ ಬೇರೆಯದೇ ಲಯದಲ್ಲಿ ಮಿನುಗಬಹುದು. ಬೆಳಕು ಹೆಚ್ಚಾದರೆ ದೀಪವನ್ನು ಹಿಂದೆ ಸರಿಸಿ.

ಉಳಿದದ್ದು ಆಟೊ ಬಂದ್ ಮಾಡುವ ಕೆಲಸ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ನಟ ಕೈ ಎತ್ತಿದಾಗಲೆಲ್ಲ ಹಸಿರು ಬದಲಾಗುವುದು ಇವುಗಳಿಂದಲೇ. ಬ್ಯೂಟಿ, ಪೋರ್ಟ್ರೇಟ್, ಎಚ್‌ಡಿಆರ್ ಬೇಡ. ಸ್ಟ್ಯಾಂಡಿನ ಮೇಲಿದ್ದರೆ ಸ್ಟೆಬಿಲೈಸೇಷನ್ ಕೂಡ ಬೇಡ. ಫೋನಿನ ಮೂಲ ಆ್ಯಪ್ ಇದಕ್ಕೆಲ್ಲ ಒಪ್ಪದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ, ಆದರೆ ಎಲ್ಲ ಆ್ಯಂಡ್ರಾಯ್ಡ್ ಫೋನುಗಳಿಗೂ ಇಲ್ಲ.

ಪ್ರಶ್ನೆ: ಕೀ ಅಚ್ಚುಕಟ್ಟಾಗಿ ಬಂದಿದೆ. ಆದರೂ ನಟ ಬೆಟ್ಟದ ಮೇಲೆ ನಿಂತಂತೆ ಕಾಣುವುದಿಲ್ಲ, ಫೋಟೊ ಕತ್ತರಿಸಿ ಅಂಟಿಸಿದ ಹಾಗಿದೆ. (ವಿದ್ಯಾರ್ಥಿ, ಮೈಸೂರು)

ಉತ್ತರ: ಹಿನ್ನೆಲೆಯ ದೃಶ್ಯವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡಿರಾ? ಪತ್ರದಲ್ಲಿ ಬರೆದಿಲ್ಲ, ಆದರೆ ಸಾಮಾನ್ಯವಾಗಿ ಕತೆ ಅಲ್ಲಿಂದಲೇ ಶುರು. ಹಿನ್ನೆಲೆ ಮೊದಲು, ಪರದೆಯ ಚಿತ್ರೀಕರಣ ಆಮೇಲೆ. ಬೆಟ್ಟಕ್ಕೆ ಹೋದಾಗ ನಾಲ್ಕು ವಿಷಯ ಬರೆದುಕೊಳ್ಳಿ: ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ಎಷ್ಟು ಓರೆ, ಯಾವ ಲೆನ್ಸ್, ಸೂರ್ಯ ಯಾವ ಕಡೆ. ಸ್ಟುಡಿಯೊದಲ್ಲಿ ಆ ನಾಲ್ಕನ್ನೂ ಹಾಗೇ ತನ್ನಿ.

ಎತ್ತರ ಸರಿಯಿದೆಯೇ ಎಂದು ನೋಡಲು ಸುಲಭದ ಉಪಾಯವಿದೆ. ಸಮತಟ್ಟಾದ ನೆಲದಲ್ಲಿ ಕ್ಯಾಮೆರಾ 5 ಅಡಿ ಎತ್ತರದಲ್ಲಿದ್ದರೆ ದಿಗಂತದ ಗೆರೆ ಅಲ್ಲಿ ನಿಂತ ಪ್ರತಿಯೊಬ್ಬರನ್ನೂ, ಹತ್ತಿರವಿರಲಿ ದೂರವಿರಲಿ, 5 ಅಡಿ ಎತ್ತರದಲ್ಲೇ ಹಾದುಹೋಗುತ್ತದೆ. ಐದೂಮುಕ್ಕಾಲು ಅಡಿಯ ನಟನಾದರೆ ಹೆಚ್ಚು ಕಡಿಮೆ ಗಲ್ಲದ ಹತ್ತಿರ. ನಿಮ್ಮ ಚಿತ್ರದಲ್ಲಿ ಅದು ಸೊಂಟದ ಹತ್ತಿರ ಹಾಯ್ದರೆ ನಟ ದೈತ್ಯನಾಗಿಯೋ ತೇಲುವವನಾಗಿಯೋ ಕಾಣುತ್ತಾನೆ. ಅಂಚನ್ನು ಎಷ್ಟು ಉಜ್ಜಿದರೂ ಅದು ಸರಿಹೋಗದು. ಬೆಟ್ಟದ ತುದಿಯಲ್ಲಿ ನಿಜವಾದ ದಿಗಂತ ಮಂಜಿನಲ್ಲಿ ಮುಚ್ಚಿರುತ್ತದೆ, ಅದಕ್ಕೇ ಟೇಪಿನಿಂದ ಅಳೆದ ಎತ್ತರ ಬೇಕು.

ಎತ್ತರ ಸರಿಯಿದ್ದರೆ ಕಪ್ಪನ್ನು ನೋಡಿ. ಮಂಜಿನ ಬೆಟ್ಟದಲ್ಲಿ ಅಚ್ಚ ಕಪ್ಪು ಇರುವುದಿಲ್ಲ, ತುಸು ನೀಲಿ ಬೆರೆತ ಬೂದು ಇರುತ್ತದೆ. ಸ್ಟುಡಿಯೊದಲ್ಲಿ ತೆಗೆದ ನಟನ ಕೂದಲು ಕಡುಕಪ್ಪಾಗಿದ್ದರೆ ಅಂಟಿಸಿದ್ದು ಅಲ್ಲೇ ಗೊತ್ತಾಗುತ್ತದೆ. ನಟ ನಿಂತ ದೂರದಲ್ಲಿರುವ ಕಲ್ಲಿನ ನೆರಳಿಗೆ ಅವನ ಕಪ್ಪನ್ನು ಏರಿಸಿ ಹೊಂದಿಸಿ. ಆಮೇಲೆ ಹಿನ್ನೆಲೆಯನ್ನು ತುಸು ಮಸುಕು ಮಾಡಿ, ಹಿನ್ನೆಲೆಯ ಬೆಳಕು ನಟನ ಅಂಚಿನ ಮೇಲೆ ಎರಡು ಮೂರು ಪಿಕ್ಸೆಲ್ ಹರಿಯುವಂತೆ ಮಾಡಿ. ಹೆಚ್ಚಾದರೆ ದೇವರ ಪಟದ ಪ್ರಭಾವಳಿಯಾಗುತ್ತದೆ. ಗ್ರೇನ್ (ಚಿತ್ರದ ಮೇಲಿನ ಸಣ್ಣ ಕಾಳುಕಾಳು) ಎಲ್ಲಕ್ಕಿಂತ ಕೊನೆಗೆ, ನಟ ಮತ್ತು ಹಿನ್ನೆಲೆ ಎರಡಕ್ಕೂ ಒಟ್ಟಿಗೆ.

ಪ್ರಶ್ನೆ: ಲ್ಯಾಬಿನಲ್ಲಿ ದುಡ್ಡು ಕೊಡದೆ ಕಲಿಯಲು ಯಾವ ಸಾಫ್ಟ್‌ವೇರ್? (ಉಪನ್ಯಾಸಕರು, ವಿಜಯಪುರ)

ಉತ್ತರ: ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯ ಫ್ಯೂಷನ್ ಪುಟದಲ್ಲಿ ಡೆಲ್ಟಾ ಕೀಯರ್ ಇದೆ. ಮೊದಲ ವರ್ಷಕ್ಕೆ ಅಷ್ಟು ಸಾಕು. ವಿದ್ಯಾರ್ಥಿಗಳಿಗೆ ಮೊದಲ ದಿನದಿಂದಲೇ ಬಣ್ಣದ ಚಿತ್ರವನ್ನಲ್ಲ, ಮ್ಯಾಟನ್ನು (ಯಾವುದು ಉಳಿಯಿತು, ಯಾವುದು ಹೋಯಿತು ಎಂದು ತೋರಿಸುವ ಚಿತ್ರ) ಕಪ್ಪು–ಬಿಳುಪಿನಲ್ಲಿ ನೋಡುವ ಅಭ್ಯಾಸ ಮಾಡಿಸಿ: ಹಿನ್ನೆಲೆ ಪೂರ್ತಿ ಕಪ್ಪು, ದೇಹ ಪೂರ್ತಿ ಬಿಳಿ, ಬೂದು ಅಂಚಿನಲ್ಲಿ ಮಾತ್ರ. ಪ್ರತಿ ಶಾಟಿನ ಕೊನೆಗೆ ಕ್ಯಾಮೆರಾ ಅಲುಗಿಸದೆ ನಟರನ್ನು ಹೊರಗೆ ಕಳಿಸಿ ಖಾಲಿ ಪರದೆಯನ್ನು ಐದು ಸೆಕೆಂಡ್ ತೆಗೆಸಿ. ಡೆಲ್ಟಾ ಕೀಯರ್‌ಗೆ ಅದನ್ನು ಕ್ಲೀನ್ ಪ್ಲೇಟ್ ಆಗಿ ಕೊಟ್ಟರೆ ಪರದೆಯ ಸಣ್ಣಪುಟ್ಟ ಏರುಪೇರು ತಾನಾಗಿ ಕಳೆಯುತ್ತದೆ. ಕ್ಯಾಮೆರಾ ಚಲಿಸುವ ಶಾಟ್‌ಗಳ ಟ್ರ್ಯಾಕಿಂಗ್ ಕಲಿಸಲು ಬ್ಲೆಂಡರ್, ಅದೂ ಉಚಿತ.

ಪ್ರಶ್ನೆ: ಒಂದೇ ಒತ್ತಿಗೆ ಹಿನ್ನೆಲೆ ತೆಗೆಯುವ ಎಐ ಆ್ಯಪ್‌ಗಳಿರುವಾಗ ಈ ಪರದೆ ಯಾಕೆ? (ಓದುಗರು, ಬೆಂಗಳೂರು)

ಉತ್ತರ: ಕೂತು ಮಾತಾಡುವವರಿಗೆ ಬೇಡ, ಆ್ಯಪ್ ಸಾಕು. ಗಾಳಿಗೆ ಹಾರುವ ಕೂದಲು, ತೆಳು ದುಪಟ್ಟಾ, ಕನ್ನಡಕದ ಗಾಜು, ವೇಗವಾಗಿ ಬೀಸುವ ಕೈ ಇದ್ದರೆ ಅಂಥ ಆ್ಯಪ್‌ಗಳಲ್ಲಿ ಅಂಚು ಫ್ರೇಮಿನಿಂದ ಫ್ರೇಮಿಗೆ ನಡುಗುವುದು ಸಾಮಾನ್ಯ. ಮೊಬೈಲಿನಲ್ಲಿ ತಿಳಿಯದು, ಸಭಾಂಗಣದ ಪರದೆಯಲ್ಲಿ ಎದ್ದು ಕಾಣುತ್ತದೆ.

ಪ್ರಶ್ನೆ: ಪಾದದವರೆಗೂ ಕಾಣುವ ಶಾಟ್ ಬೇಕೇ ಬೇಕು. ಏನು ಮಾಡಲಿ? (ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಬಟ್ಟೆಯನ್ನು ಗೋಡೆಯಿಂದ ನೆಲಕ್ಕೆ ಮಡಿಕೆಯಿಲ್ಲದೆ ಬಾಗಿಸಿ ಇಳಿಸಿ, ಮೂಲೆ ಕಾಣಬಾರದು. ಚಪ್ಪಲಿಯ ಅಡಿ ಒರೆಸಿ, ಒಂದೊಂದು ಹೆಜ್ಜೆಯ ದೂಳೂ ಕೀಯಲ್ಲಿ ಉಳಿಯುತ್ತದೆ. ನೆರಳನ್ನು ಪರದೆಯಿಂದ ಉಳಿಸಿಕೊಳ್ಳುವ ಪ್ರಯತ್ನ ಬಿಟ್ಟು ಹೊಸದಾಗಿ ಮಾಡಿ: ಮ್ಯಾಟ್‌ನ ಒಂದು ಪ್ರತಿಯನ್ನು ಕಪ್ಪು ಮಾಡಿ, ಸೂರ್ಯನ ಎದುರು ದಿಕ್ಕಿಗೆ ನೆಲದ ಮೇಲೆ ಮಲಗಿಸಿ, ಮಲ್ಟಿಪ್ಲೈ ಮೋಡಿನಲ್ಲಿ (ಕೆಳಗಿನ ಚಿತ್ರವನ್ನು ಗಾಢ ಮಾಡುವ ಬೆರಕೆ) ಕೂಡಿಸಿ. ಪಾದದ ಹತ್ತಿರ ಗಾಢವಾಗಿ ಚೂಪಾಗಿ, ದೂರ ಹೋದಂತೆ ತಿಳಿಯಾಗಿ ಮಸುಕಾಗಿ ಇರಲಿ. ಹಿನ್ನೆಲೆಯಲ್ಲಿ ಹುಲ್ಲಿದ್ದರೆ ನಾಲ್ಕು ಎಸಳನ್ನು ಮಾಸ್ಕ್ ಮಾಡಿ ಪಾದದ ಮುಂದೆ ತನ್ನಿ.