ಸ್ಪೀಕರ್ ಆಯಿತು, ಬಾಗಿಲು ನೋಡಿದಿರಾ?

ಕಾರಿಗೆ ಹೊಸ ಸ್ಪೀಕರ್ ಹಾಕಿಸಿದರೂ ಮೃದಂಗದ ತೊಪ್ಪಿಯ (ಎಡಬದಿಯ) ಗುಂ ಎನ್ನುವ ನಾದ ಕೇಳಿಸುತ್ತಿಲ್ಲ, ಸಬ್‌ವೂಫರ್ (ತಗ್ಗು ನಾದಕ್ಕೆಂದೇ ಇರುವ ಸ್ಪೀಕರ್) ತಗೊಳ್ಳಲಾ ಅಂತ ಕೇಳಿದ್ದೀರಿ. ಅವಸರ ಬೇಡ.

ಮೊದಲು ಸ್ಟೀರಿಯೋದ ಬ್ಯಾಲೆನ್ಸ್ (ಎಡ-ಬಲ ಸದ್ದಿನ ಹೊಂದಾಣಿಕೆ) ಪೂರ್ತಿ ಒಂದೇ ಕಡೆಗೆ ತಿರುಗಿಸಿ ಕೇಳಿ. ಆಗ ಬೇಸ್ (ತಗ್ಗು ನಾದ) ಜಾಸ್ತಿ ಆದರೆ ಯಾವುದೋ ಒಂದು ಸ್ಪೀಕರಿನ ಪ್ಲಸ್, ಮೈನಸ್ ತಂತಿ ಅದಲುಬದಲಾಗಿರಬಹುದು. ಖರ್ಚಿಲ್ಲದ ರಿಪೇರಿ.

ಅದಲ್ಲದಿದ್ದರೆ ಬಾಗಿಲು. ಕಾರಿನಲ್ಲಿ ಸ್ಪೀಕರಿಗೆ ಪೆಟ್ಟಿಗೆ ಅಂದರೆ ಅದೇ ಅಲ್ವಾ? ಒಳಗಿನ ತಗಡಿನಲ್ಲಿ ದೊಡ್ಡ ತೂತುಗಳಿದ್ದರೆ ಸ್ಪೀಕರಿನಲ್ಲಿ ಅದುರುವ ಕೋನಿನ ಹಿಂದಿನ ಶಬ್ದದ ಅಲೆ ಮುಂದಕ್ಕೆ ನುಗ್ಗಿ ಬೇಸನ್ನು ತಿಂದುಹಾಕುತ್ತದೆ. ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ಅದುರು ತಡೆಯುವ ರಬ್ಬರಿನಂಥ ಹಾಳೆ) ಅಂಟಿಸಿ ಅವನ್ನು ಮುಚ್ಚಿಸಿ. ಬಾಗಿಲಿನ ತಳದಲ್ಲಿ ನೀರು ಹೋಗುವ ರಂಧ್ರ ಮಾತ್ರ ಮುಚ್ಚಬಾರದು, ತುಕ್ಕು ಹಿಡಿಯುತ್ತದೆ.

ಸ್ಟೀರಿಯೋದಲ್ಲಿ ಟೈಮ್ ಅಲೈನ್‌ಮೆಂಟ್ (ಒಂದೊಂದು ಸ್ಪೀಕರಿನ ಸದ್ದನ್ನು ತುಸು ತಡಮಾಡುವ ಸೌಲಭ್ಯ) ಇದ್ದರೆ ಸುಮ್ನೆ ಬಿಡಬೇಡಿ. ಬಲಗಡೆ ಸ್ಪೀಕರ್ ನಿಮ್ಮ ಮೊಣಕಾಲಿನ ಪಕ್ಕದಲ್ಲೇ ಇದೆ, ಎಡಗಡೆಯದು ದೂರ. ಶಬ್ದ ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಆ ಲೆಕ್ಕದಲ್ಲಿ ಹತ್ತಿರದ್ದನ್ನು ತಡಮಾಡಿದರೆ ಹಾಡುವವರು ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂರುತ್ತಾರೆ. ನನಗಂತೂ ಬೇಸ್‌ಗಿಂತ ಇದೇ ದೊಡ್ಡ ಖುಷಿ.

ಇಷ್ಟಾದ ಮೇಲೂ ಸಾಲದಿದ್ದರೆ ಸೀಟಿನಡಿಯ 8 ಇಂಚಿನ ಸಬ್‌ವೂಫರ್ ಸಾಕು. ಕ್ರಾಸ್‌ಓವರ್ (ಸಬ್‌ವೂಫರ್ ಮತ್ತು ಬಾಗಿಲಿನ ಸ್ಪೀಕರ್ ನಡುವೆ ನಾದ ಹಂಚುವ ಗಡಿ) 80 ಹರ್ಟ್ಸ್ ಆಸುಪಾಸಿನಲ್ಲಿ ಇಟ್ಟು ನೋಡಿ.